ಪಂಕ್ತಿಯಲ್ಲಿ ಬಿಟ್ಟುಹೋದ ಎಲೆ

ಕೇಳುಗರಿಗೆ ನಮಸ್ಕಾರ. ದೂರದೂರಿಂದ ನಮ್ಮ ಸಭೆಗೆ ಬಂದವರನ್ನು ಮನೆಯವರನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ಮಾತು.

ಊಟದ ಪಂಕ್ತಿಯಲ್ಲಿ ಒಂದು ಎಲೆಗೆ ಬಡಿಸದೆ ಮುಂದೆ ಹೋದರೆ ನಮ್ಮ ಕಡೆ ಅದನ್ನು ಯಾರೂ ಸಣ್ಣ ಮಾತು ಅನ್ನುವುದಿಲ್ಲ. ಕ್ರೈಸ್ತ ಸಭೆಯ ಮೊದಮೊದಲ ಗುಣುಗುಟ್ಟುವಿಕೆ ಹುಟ್ಟಿದ್ದೂ ಇಂಥದ್ದರಿಂದಲೇ. ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನಲ್ಲಿ ದಿನದಿನದ ಹಂಚಿಕೆಯಾಗುವಾಗ ಗ್ರೀಕ್ ಮಾತಿನ ವಿಧವೆಯರಿಗೆ ಪಾಲು ತಪ್ಪುತ್ತಿತ್ತು. ಅಪೊಸ್ತಲರು ಬುದ್ಧಿಮಾತು ಹೇಳಿ ಮುಗಿಸಲಿಲ್ಲ, ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು. ಆರಿಸಿದವರು ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು! ನಿಕೊಲಾಯನಂತೂ ಹುಟ್ಟಾ ಯೆಹೂದ್ಯನೂ ಅಲ್ಲ, ಅಂತಿಯೋಕ್ಯದವನು. ದೂರು ಹೇಳಿದವರ ಕಡೆಗೇ ಸೌಟು ಹೋಯಿತು.

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆ ಮರಿಯಮ್ಮನವರ ಸನ್ನಿಧಿಯಲ್ಲಿ ಹಲವು ನುಡಿಯವರು ಒಟ್ಟಿಗೆ ಮೊಣಕಾಲೂರುತ್ತಾರೆ. ಮಾಮೂಲಿ ಭಾನುವಾರದ ಮಾತೇ ಬೇರೆ. ದಾವಣಗೆರೆಗೆ ಓದಲು, ದುಡಿಯಲು ಬಂದವರು, ಮಿಜೋರಾಮಿನ ವಿದ್ಯಾರ್ಥಿನಿಯಾಗಲಿ ಜಾರ್ಖಂಡಿನ ಗಾರೆ ಕೆಲಸದವರಾಗಲಿ, ಕೊನೆಯ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಾರೆ. ಬಾಗಿಲಲ್ಲಿ ಕೈಕುಲುಕುತ್ತೇವೆ, ಆರು ತಿಂಗಳಾದರೂ ಹೆಸರು ಗೊತ್ತಿರುವುದಿಲ್ಲ.

ಹೆಸರಿನಿಂದಲೇ ಶುರು ಮಾಡಿ. ಅವರಿಂದ ನಿಧಾನವಾಗಿ ಹೇಳಿಸಿ, ಕನ್ನಡದಲ್ಲಿ ಬರೆದುಕೊಂಡು ಓದಿ ಒಪ್ಪಿಸಿ, ತಪ್ಪಿದ್ದರೆ ಅವರೇ ತಿದ್ದಲಿ. ಮಿಜೋ ಹೆಸರುಗಳು ಸಾಮಾನ್ಯವಾಗಿ ‘ಆ’ ಎಂದು ಮುಗಿದರೆ ಗಂಡು, ‘ಈ’ ಎಂದು ಮುಗಿದರೆ ಹೆಣ್ಣು. ಕೊನೆಯ ಸ್ವರ ನುಂಗಿದರೆ ಹೆಸರೇ ಕೆಡುತ್ತದೆ. ಜಾರ್ಖಂಡಿನ ಉರಾಂವ್ ಜನರ ಕುಡುಖ್ ನುಡಿಯಂತೂ ಕನ್ನಡದ ಹಾಗೆ ದ್ರಾವಿಡ ಬಳಗದ್ದೇ. ನಮ್ಮ ‘ಕಣ್ಣು’ ಅವರ ಬಾಯಲ್ಲಿ ‘ಖನ್ನ್’. ಎಷ್ಟು ಹತ್ತಿರದವರನ್ನು ಪರದೇಶಿಗಳೆಂದುಕೊಂಡಿದ್ದೇವೆ ನೋಡಿ.

ಆಮೇಲೆ ವಾಕ್ಯ ಓದಲು ಕೊಡಿ. ಭಾನುವಾರ ದಿಢೀರನೆ ಕರೆದರೆ ತಡವರಿಸುತ್ತಾರೆ, ಇನ್ನೊಮ್ಮೆ ಒಪ್ಪುವುದಿಲ್ಲ. ಬುಧವಾರವೇ ಅಧ್ಯಾಯ, ವಚನ ತಿಳಿಸಿ. ನಾಲ್ಕೈದು ವಚನ ಸಾಕು. ಮೊದಲು ಕನ್ನಡದಲ್ಲಿ ಓದಿಸಿ, ಬಳಿಕ ಅವರ ನುಡಿಯಲ್ಲಿ. ಅರ್ಥ ಆಗಲೇ ತಿಳಿದಿರುವುದರಿಂದ ಸಭೆ ಕಿವಿಗೊಡುತ್ತದೆ. ವರ್ಷಕ್ಕೊಮ್ಮೆ ಅವರಿಗೆ ಬುಡಕಟ್ಟಿನ ಉಡುಪು ತೊಡಿಸಿ, ವೇದಿಕೆ ಹತ್ತಿಸಿ, ಫೋಟೊ ತೆಗೆದು ಕಳಿಸುವುದು ಮಾತ್ರ ಬೇಡ. ಮನೆಯವರಿಗೆ ಯಾರೂ ಹಾಗೆ ಮಾಡುವುದಿಲ್ಲ.

ಹಿಂದಿ ಆರಾಧನೆಯನ್ನು ಬೇರೆ ಹೊತ್ತಿಗೆ ಇಡುವುದರಲ್ಲಿ ತಪ್ಪಿಲ್ಲ, ತಿಳಿಯುವ ಮಾತಿನಲ್ಲಿ ಪ್ರಾರ್ಥಿಸಬೇಕಲ್ಲ. ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಪ್ರಭುಭೋಜನವೂ ಬೇರೆಯಾದಾಗ ತೊಡಕು ಶುರುವಾಗುತ್ತದೆ. ಅಂತಿಯೋಕ್ಯದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಉಣ್ಣುತ್ತಿದ್ದ ಅಪೊಸ್ತಲ ಪೇತ್ರ, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದೊಡನೆ ಹಿಂದೆ ಸರಿದ. ಪೌಲ ಎಲ್ಲರೆದುರೇ ಅವನನ್ನು ತಡೆದು ಕೇಳಿದ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ. ಪೇತ್ರನ ನಂಬಿಕೆ ಬದಲಾಗಿರಲಿಲ್ಲ, ಕೂರುವ ಜಾಗ ಬದಲಾಗಿತ್ತು. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಎರಡೂ ಗುಂಪು ಕೂಡಿ ಒಂದೇ ರೊಟ್ಟಿ ಮುರಿಯಲಿ. ನಮ್ಮನಮ್ಮಲ್ಲೇ ಜಾತಿ ನೋಡಿ ಬೆಂಚು ಆರಿಸುವ ರೂಢಿ ಇರುವ ಕಡೆ ಈ ಅಧ್ಯಾಯವನ್ನು ಇನ್ನೂ ಗಟ್ಟಿಯಾಗಿ ಓದಬೇಕು.

ಪ್ರೀತಿಭೋಜನದಲ್ಲಿ ಹಂದಿ ಮಾಂಸ ಕೆಲವರಿಗೆ ಹಬ್ಬ, ಕೆಲವರಿಗೆ ಆಗದು. ಪಾತ್ರೆಗೆ ಚೀಟಿ ಅಂಟಿಸಿ, ಸೌಟು ಬೇರೆ ಇಡಿ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂದು ರೋಮಾಪುರದವರಿಗೆ ಬರೆದ ಪತ್ರವೇ ಹೇಳುತ್ತದೆ.

ಇನ್ನು ಸದಸ್ಯತ್ವ. ಎಷ್ಟೋ ಸಭೆಗಳಲ್ಲಿ ತವರು ಸಭೆಯ ಪತ್ರವಿಲ್ಲದೆ ಹೆಸರು ದಾಖಲಾಗುವುದಿಲ್ಲ. ಹೆಸರಿಲ್ಲದವರಿಗೆ ಸಮಿತಿಯಲ್ಲಿ ಜಾಗವಿಲ್ಲ, ಕಾಯಿಲೆ ಬಿದ್ದರೆ ಸಭಾಪಾಲಕರಿಗೆ ಸುದ್ದಿ ಮುಟ್ಟುವುದಿಲ್ಲ, ಸಾವಾದರೆ ಮಣ್ಣಿನ ಜಾಗಕ್ಕೂ ಅಲೆಯಬೇಕು. ಪತ್ರದಲ್ಲಿ ಪೂರ್ತಿ ಹೆಸರು, ದೀಕ್ಷಾಸ್ನಾನದ ತಾರೀಕು, ಅಲ್ಲಿನ ಸಭಾಪಾಲಕರ ಸಹಿ, ಮೊಹರು ಇರಲಿ. ಕ್ರಿಸ್‌ಮಸ್‌ಗೆ ಊರಿಗೆ ಹೋಗುವವರಿಗೆ ನವೆಂಬರ್‌ನಲ್ಲೇ ಹೇಳಿಬಿಡಿ. ತಂದ ಪತ್ರ ಕಪಾಟಿನಲ್ಲಿ ಉಳಿಯದಂತೆ, ಬರುವ ಭಾನುವಾರವೇ ಸಭೆಯೆದುರು ಹೆಸರು ಓದಿ, ಪುಸ್ತಕಕ್ಕೆ ಏರಿಸಿ, ಅಂದಿನ ಕಾಣಿಕೆ ಚೀಲ ಅವರ ಕೈಗೇ ಕೊಡಿ.