ಗೋಡೆ ತುಂಬ ಒಂದೇ ಮುಖ

ಎಲ್ಲರಿಗೂ ಶರಣು ಶರಣಾರ್ಥಿ. ಹೊರಗೆ ಕಲಬುರಗಿಯ ಬಿಸಿಲು, ಒಳಗೆ ಊಟ ಮುಗಿಸಿ ಬಂದು ಕೂತ ನೀವು. ನಿದ್ದೆ ಬಂದವರು ಮಲಗಿ, ಗೊರಕೆ ಮಾತ್ರ ಬೇಡ.

ನಮ್ಮೂರಿನ ರಂಗಮಂದಿರಕ್ಕೆ ಎಸ್.ಎಂ. ಪಂಡಿತರ ಹೆಸರಿದೆ. ಇಲ್ಲೇ ಹುಟ್ಟಿ ಮುಂಬೈಗೆ ಹೋದ ಕಲಾವಿದ. ದೇವರ ಕ್ಯಾಲೆಂಡರ್ ಚಿತ್ರಗಳಿಂದ ಮನೆಮಾತಾದರು, ಸಿನಿಮಾ ಪೋಸ್ಟರ್‌ಗಳನ್ನೂ ಬರೆದರು. ಅವರ ಕಾಲದಲ್ಲಿ ಸಿನಿಮಾ ಬಂದಿದೆ ಅಂತ ಜನರಿಗೆ ಹೇಳುತ್ತಿದ್ದದ್ದು ಗೋಡೆ. ಇವತ್ತಿನ ಗೋಡೆ ಟಿವಿ ಮತ್ತು ಮೊಬೈಲ್. ಆ ಗೋಡೆ ಮೇಲೆ ನನ್ನಂಥ ಸಣ್ಣ ಸಿನಿಮಾದವನಿಗೆ ಒಂದು ಮೊಳ ಜಾಗ ಸಿಗೋದೇ ಕಷ್ಟ. ದೊಡ್ಡ ನಟನ ಹಗರಣ ಬಂದ ದಿನ ಗೋಡೆ ತುಂಬ ಒಂದೇ ಮುಖ. ಆಗ ಆ ಒಂದು ಮೊಳಕ್ಕೆ ಏನಾಗುತ್ತೆ ಅನ್ನೋದೇ ಇವತ್ತಿನ ಮಾತು.

ಒಂದು ವಾರವನ್ನು ನೆನಪು ಮಾಡಿಕೊಳ್ಳೋಣ. 2024ರ ಜೂನ್. ಲೋಕಸಭೆ ಚುನಾವಣೆಯ ಎಣಿಕೆ ಮುಗಿದದ್ದು 4ನೇ ತಾರೀಖು. ಐಪಿಎಲ್ ಮುಗಿದಿತ್ತು, ಟಿ20 ವಿಶ್ವಕಪ್ ಶುರುವಾಗಿತ್ತು. ಎರಡು ಮೂರು ತಿಂಗಳಿಂದ ಖಾಲಿ ಹೊಡೆಯುತ್ತಿದ್ದ ಥಿಯೇಟರ್‌ನವರು ಇನ್ನಾದರೂ ಜನ ಬರಲಿ ಅಂತ ಕಾಯುತ್ತಿದ್ದರು. 11ನೇ ತಾರೀಖು ಮಂಗಳವಾರ ಕೊಲೆ ಪ್ರಕರಣವೊಂದರಲ್ಲಿ ನಟ ದರ್ಶನ್ ಬಂಧನವಾಯಿತು. 14ನೇ ತಾರೀಖು ಶುಕ್ರವಾರ ‘ಶಿವಮ್ಮ ಯರೇಹಂಚಿನಾಳ’ ತೆರೆಗೆ ಬಂತು.

ನಿಮ್ಮಲ್ಲಿ ಎಷ್ಟು ಜನ ಅದನ್ನು ಥಿಯೇಟರ್‌ನಲ್ಲಿ ನೋಡಿದ್ದೀರಿ? ಕೈ ಎತ್ತಿ. ಮೂರು... ನಾಲ್ಕು. ಇರಲಿ, ಸಂಕೋಚ ಬೇಡ.

ಕೊಪ್ಪಳ ಜಿಲ್ಲೆಯ ಹಳ್ಳಿಯ ಸಿನಿಮಾ ಅದು, ಅಂದರೆ ನಮ್ಮದೇ ಕಲ್ಯಾಣ ಕರ್ನಾಟಕದ್ದು. ಅಲ್ಲಿನ ಜನರೇ ನಟಿಸಿದ್ದಾರೆ, ಅವರ ಮಾತಿನಲ್ಲೇ ಮಾತಾಡಿದ್ದಾರೆ. ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ದುಡ್ಡು ಹಾಕಿ ಸಿಕ್ಕಿಕೊಳ್ಳುವ ಒಬ್ಬ ಬಡ ತಾಯಿಯ ಕಥೆ. ನಿರ್ದೇಶಕರು ಜೈಶಂಕರ್ ಆರ್ಯರ್. 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಸಿನಿಮಾ. ಬೇರೆ ವಾರವಾಗಿದ್ದರೆ ಕೊಪ್ಪಳದ ಹಳ್ಳಿ ಬೂಸಾನ್‌ಗೆ ಹೋದ ಕಥೆಯನ್ನು ಯಾವುದಾದರೂ ಚಾನೆಲ್ ಅರ್ಧ ಗಂಟೆ ಹೇಳುತ್ತಿತ್ತೇನೋ. ಆ ವಾರ ದರ್ಶನ್ ಇದ್ದ ಠಾಣೆ ಮುಂದಿನ ಶಾಮಿಯಾನ, ಪ್ರಕರಣದ ಶೆಡ್ಡು, ಬಿರಿಯಾನಿ ಬಿಟ್ಟು ಬೇರೆ ಸುದ್ದಿ ಇರಲಿಲ್ಲ.

ಯಾದಗಿರಿಯಲ್ಲಿ ನನ್ನ ಸೋದರಮಾವನ ಮಗ ಇದ್ದಾನೆ. ಸಿನಿಮಾ ಹುಚ್ಚು ಜಾಸ್ತಿ. ಆ ತಿಂಗಳ ಕೊನೆಗೆ ಫೋನ್ ಮಾಡಿದಾಗ ಕೇಳಿದೆ, ‘ಶಿವಮ್ಮ ನೋಡಿದೇನು?’ ‘ಯಾವ ಶಿವಮ್ಮ ಮಾಮಾ? ನಮ್ಮ ಓಣಿ ಶಿವಮ್ಮನೇನು?’ ಅಂದ. ಅದೇ ಹುಡುಗನಿಗೆ ಜೈಲಿನ ವಿಚಾರಣಾಧೀನ ಕೈದಿ ನಂಬರು ಬಾಯಿಪಾಠ. ಆ ನಂಬರನ್ನು ಗಾಡಿ ಮೇಲೆ ಬರೆಸಿಕೊಂಡವರೂ ಇದ್ದರಲ್ಲ.

ಒಂದು ಮಾತು ಸ್ಪಷ್ಟ ಇರಲಿ. ಅದು ಸುದ್ದಿಯೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯ ಸತ್ತಿದ್ದಾನೆ. ಅದರ ಮುಂದೆ ನಮ್ಮ ಸಿನಿಮಾ ಓಡಲಿಲ್ಲ ಅನ್ನೋದು ದೊಡ್ಡ ದುಃಖ ಅಲ್ಲ. ತಪ್ಪು ಮಾಡಿದವರು ಯಾರು ಅಂತ ಕೋರ್ಟು ಹೇಳಲಿ. ಆದರೆ ಜೈಲಿನಲ್ಲಿ ಮುದ್ದೆ ಕೊಟ್ಟರೋ ಚಪಾತಿ ಕೊಟ್ಟರೋ, ದಿಂಬು ಸಿಕ್ಕಿತೋ ಇಲ್ಲವೋ ಅಂತ ಗಂಟೆಗಟ್ಟಲೆ ತೋರಿಸಿದರಲ್ಲ, ಅದರಿಂದ ಸತ್ತವನ ಮನೆಯವರಿಗೆ ಏನು ಸಿಕ್ಕಿತು ಹೇಳಿ?

ಚಾನೆಲ್‌ನವರ ಲೆಕ್ಕವೂ ಗೊತ್ತಿರಲಿ. ಟಿಆರ್‌ಪಿ ವಾರದ ಲೆಕ್ಕ. ಹಗರಣ ಅಗ್ಗದ ಸರಕು. ಒಂದೇ ವಿಡಿಯೋ ತುಣುಕನ್ನು ನೂರು ಸಲ ತಿರುಗಿಸಿ, ನಾಲ್ಕು ಜನರನ್ನು ಕೂರಿಸಿದರೆ ದಿನ ಕಳೆಯುತ್ತೆ. ಸಣ್ಣ ಸಿನಿಮಾ ತೋರಿಸಬೇಕಾದರೆ ಯಾರಾದರೂ ಅದನ್ನು ನೋಡಬೇಕು, ಯೋಚನೆ ಮಾಡಬೇಕು. ನಮ್ಮ ಸಿನಿಮಾಕ್ಕೂ ಒಂದು ಚಾನೆಲ್‌ನವರು ಸಂದರ್ಶನ ಮಾಡಿದ್ದರು. ಕಲಬುರಗಿಯಿಂದ ರಾತ್ರಿ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಹೊಸ ಅಂಗಿ ಹಾಕಿಕೊಂಡು ಹೋದೆವು. ಶೂಟ್ ಆಯಿತು. ‘ಸಂಜೆ ಬರುತ್ತೆ ನೋಡಿ’ ಅಂದರು. ಸಂಜೆ ಬ್ರೇಕಿಂಗ್ ನ್ಯೂಸ್ ಬಂತು. ನಮ್ಮದು ಇವತ್ತಿನವರೆಗೂ ಬಂದಿಲ್ಲ. ನಮ್ಮಮ್ಮ ರಾತ್ರಿ ಹನ್ನೊಂದರ ತನಕ ಟಿವಿ ಮುಂದೆ ಕೂತಿದ್ದರಂತೆ.

ಈಗ ವ್ಯಾಪಾರದ ಮಾತಿಗೆ ಬರೋಣ. ಇದು ಸ್ವಲ್ಪ ಗಮನ ಕೊಟ್ಟು ಕೇಳಬೇಕು, ಯಾಕಂದರೆ ಪೆಟ್ಟು ಬೀಳೋದು ಇಲ್ಲೇ.

ಸಣ್ಣ ಸಿನಿಮಾಕ್ಕೆ ಇರೋದು ನಾಲ್ಕು ದಿನ. ಶುಕ್ರವಾರದಿಂದ ಸೋಮವಾರ. ಮಲ್ಟಿಪ್ಲೆಕ್ಸ್‌ನವರು ಮೊದಲೇ ಬೆಳಗಿನ ಶೋ ಕೊಟ್ಟಿರುತ್ತಾರೆ, ಬೆಳಗ್ಗೆ ಹತ್ತಕ್ಕೆ ಸಿನಿಮಾಕ್ಕೆ ಬರೋರು ಯಾರು? ಆ ಶೋ ತುಂಬದಿದ್ದರೆ ಮಂಗಳವಾರದಿಂದ ಅದೂ ಇಲ್ಲ. ಒಂಟಿ ಥಿಯೇಟರ್‌ಗಳಲ್ಲಿ ಇನ್ನೊಂದು ಕಥೆ. ಕರ್ನಾಟಕದಲ್ಲಿ ಬಹಳ ಕಡೆ ವಾರದ ಬಾಡಿಗೆ ಪದ್ಧತಿ ಇದೆ. ಸೀಟು ತುಂಬಲಿ ಬಿಡಲಿ, ಬಾಡಿಗೆ ನಿರ್ಮಾಪಕನದ್ದು. ಹೊಲ ಮಾರಿ ಸಿನಿಮಾ ಮಾಡಿದವನು ಖಾಲಿ ಕುರ್ಚಿಗೂ ದುಡ್ಡು ಕಟ್ಟಬೇಕು.

ಅವನಿಗೆ ಉಳಿದ ಒಂದೇ ದಾರಿ ಬಾಯಿಮಾತು. ಶುಕ್ರವಾರ ನೋಡಿದವನು ಶನಿವಾರ ಚಹಾದಂಗಡಿಯಲ್ಲಿ ‘ಚಲೋ ಅದ, ನೋಡ್ರಿ’ ಅನ್ನಬೇಕು. ಅದು ಭಾನುವಾರ ಮನೆಗೆ ಮುಟ್ಟಬೇಕು. ಹಗರಣದ ವಾರದಲ್ಲಿ ಆ ಚಹಾದಂಗಡಿಯೇ ಕೈಬಿಟ್ಟು ಹೋಗುತ್ತೆ. ಅಲ್ಲಿ ಎಲ್ಲರೂ ವಕೀಲರು, ಎಲ್ಲರೂ ಪೊಲೀಸರು. ನಮ್ಮ ದುಡ್ಡನ್ನು ಯಾರೂ ಕದಿಯೋದಿಲ್ಲ, ನಮ್ಮ ಶನಿವಾರವನ್ನು ಕದಿಯುತ್ತಾರೆ. ಎರಡು ವಾರ ಬಿಟ್ಟು ಗದ್ದಲ ತಣ್ಣಗಾದಾಗ ಥಿಯೇಟರ್‌ನಲ್ಲಿ ಬೇರೆ ಸಿನಿಮಾ ಇರುತ್ತೆ.

ದೊಡ್ಡವರಿಗೆ ಹೀಗಾಗಲ್ಲ. ಸ್ವಲ್ಪ ಕಾಲ ಕನ್ನಡದ ಸುದ್ದಿವಾಹಿನಿಗಳೇ ದರ್ಶನ್ ಸಿನಿಮಾ ಸುದ್ದಿ ಹಾಕೋದನ್ನು ಬಿಟ್ಟಿದ್ದವು. 2023ರ ಜನವರಿಯಲ್ಲಿ ‘ಕ್ರಾಂತಿ’ ಬಂದಾಗ ಅಭಿಮಾನಿಗಳೇ ಊರೂರು ಪ್ರಚಾರ ಮಾಡಿದರು, ಯೂಟ್ಯೂಬ್ ಇತ್ತು. ಇನ್ನು 2024ರ ಜುಲೈನಲ್ಲಿ, ಅವರು ಜೈಲಿನಲ್ಲಿದ್ದಾಗಲೇ, ಅವರ ಹಳೆಯ ಸಿನಿಮಾ ಮತ್ತೆ ತೆರೆಗೆ ಬಂತು, ಹೊರಗೆ ಪಟಾಕಿ ಹೊಡೆದರು. ಥಿಯೇಟರ್ ಖಾಲಿ ಇದ್ದರೂ ಆ ಜಾಗ ಸಣ್ಣವನಿಗೆ ಬರಲಿಲ್ಲ ನೋಡಿ. ಪ್ರಕರಣದ ಹೆಸರಿನಲ್ಲೇ ಸಿನಿಮಾ ಶೀರ್ಷಿಕೆ ಬೇಕು ಅಂತ ಚಲನಚಿತ್ರ ವಾಣಿಜ್ಯ ಮಂಡಳಿಗೆ ಅರ್ಜಿ ಹೋದದ್ದೂ ಆಗಲೇ. ಮಂಡಳಿ ಒಪ್ಪಲಿಲ್ಲ, ಪುಣ್ಯ. ಅರ್ಜಿ ಹಾಕಿದವರನ್ನು ನಾನು ಬೈಯಲಾರೆ. ಗೋಡೆ ತುಂಬ ಒಂದೇ ಮುಖ ಇದ್ದಾಗ, ಅದರ ಮೀಸೆಗಾದರೂ ಜೋತುಬಿದ್ದು ಕಾಣಿಸಿಕೊಳ್ಳೋಣ ಅನ್ನಿಸೋದು ಸಹಜ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಹಿಂದಿ ಸಿನಿಮಾ ಹಂಚಿಕೆಯಲ್ಲಿ ನಮ್ಮನ್ನು ಇವತ್ತಿಗೂ ನಿಜಾಮ್ ಪ್ರದೇಶಕ್ಕೆ ಸೇರಿಸುತ್ತಾರೆ. 1956ರಲ್ಲಿ ರಾಜ್ಯ ಸೇರಿದರೂ ಸಿನಿಮಾದವರ ನಕಾಶೆ ಬದಲಾಗಿಲ್ಲ. ಕಲಬುರಗಿ, ಬೀದರ್‌ನಲ್ಲಿ ಹಿಂದಿ, ತೆಲುಗು ಸಿನಿಮಾ ಯಾವಾಗಲೂ ಕಾಯುತ್ತಿರುತ್ತವೆ. ಕನ್ನಡದ ಸಣ್ಣ ಸಿನಿಮಾ ಒಂದು ಶುಕ್ರವಾರ ಸೋತರೆ ಥಿಯೇಟರ್‌ನವನು ‘ಇಲ್ಲಿ ಕನ್ನಡ ಓಡಂಗಿಲ್ಲ ಬಿಡ್ರಿ’ ಅಂತ ಷರಾ ಬರೆದುಬಿಡುತ್ತಾನೆ. ಸೋತದ್ದು ಯಾಕೆ ಅಂತ ಯಾರೂ ಕೇಳೋದಿಲ್ಲ.

‘ಹಾಗಾದರೆ ಸು ಫ್ರಮ್ ಸೋ ಅನ್ನೋ ಸಣ್ಣ ಸಿನಿಮಾ ಹೇಗೆ ಗೆದ್ದಿತು ಸರ್?’ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. 2025ರ ಜುಲೈ 25ಕ್ಕೆ ಬಂತು. ಅದೇ ವಾರ ದರ್ಶನ್ ಅಭಿಮಾನಿಗಳು ಮತ್ತು ನಟಿ ರಮ್ಯಾ ನಡುವಿನ ಜಗಳ ಚಾನೆಲ್ ತುಂಬ. ಆದರೂ ಗೆದ್ದಿತು. ಯಾಕಂದರೆ ಅವರು ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಮಾಡಿದ್ದರು. ಶುಕ್ರವಾರ ಬರುವ ಹೊತ್ತಿಗೆ ಬಾಯಿಮಾತು ಊರು ಸುತ್ತಿ ಆಗಿತ್ತು. ಇದನ್ನು ನಾವೂ ಕಲಿಯಬೇಕು. ಆದರೆ ಕಲಬುರಗಿಯ ಹುಡುಗನಿಗೆ ಪ್ರೀಮಿಯರ್‌ಗೂ ಥಿಯೇಟರ್ ಬಾಡಿಗೆ ಕಟ್ಟಬೇಕು, ಅದೂ ನೆನಪಿರಲಿ.

ಕೊನೆಗೆ ಒಂದು ವಿಷಯ, ಇದಕ್ಕೂ ದುಡ್ಡಿಗೂ ಸಂಬಂಧ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಡ್ರಗ್ಸ್ ಪ್ರಕರಣ ಎದ್ದಿತು. ಇಬ್ಬರು ನಟಿಯರ ಬಂಧನವಾಯಿತು. ಕೊರೋನಾದಿಂದ ಥಿಯೇಟರ್ ಮುಚ್ಚಿದ್ದವು, ಹಾಗಾಗಿ ಯಾರ ಶುಕ್ರವಾರವೂ ಹಾಳಾಗಲಿಲ್ಲ. ಹಾಳಾದದ್ದು ಬೇರೆ. ಆಗ ನಾವು ಆಳಂದದ ಕಡೆ ಒಂದು ಹಳ್ಳಿಯಲ್ಲಿ ಶೂಟಿಂಗ್ ತಯಾರಿ ಮಾಡುತ್ತಿದ್ದೆವು. ಒಬ್ಬ ಹುಡುಗಿ, ಪಿಯುಸಿ ಓದುತ್ತಿದ್ದಳು, ಬಹಳ ಚೆನ್ನಾಗಿ ಮಾಡುತ್ತಿದ್ದಳು. ಒಂದು ದಿನ ಅವಳ ಅಪ್ಪ ಬಂದರು. ‘ತಪ್ಪು ತಿಳೀಬ್ಯಾಡ್ರಿ ಸರ. ಟಿವ್ಯಾಗ ದಿನಾ ತೋರಸ್ಲತ್ತಾರ. ನಾಳೆ ಆಕಿ ಮದವಿ ಮಾಡಬೇಕು.’ ನಾನು ಏನು ಹೇಳಲಿ? ಶೂಟಿಂಗ್‌ಗೆ ಕೊಡುತ್ತೇವೆ ಅಂದಿದ್ದ ಮನೆಯೂ ಕೈ ತಪ್ಪಿತು. ವರ್ಷಗಳ ನಂತರ ಹೈಕೋರ್ಟ್ ಆ ಇಬ್ಬರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿತು. ಆ ಸುದ್ದಿ ಆ ಹಳ್ಳಿಗೆ ತಲುಪಿಲ್ಲ.

ಸಿನಿಮಾ ಮುಗಿದ ಮೇಲೆ ಅದೇ ಊರಿನ ಶಾಲೆ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸಿದೆವು. ಜನ ಚಾಪೆ ತಂದು ಕೂತರು. ಮುಗಿದ ಮೇಲೆ ಆ ಹುಡುಗಿಯ ಅಮ್ಮ ಹತ್ತಿರ ಬಂದು ಕೇಳಿದರು, ‘ನಮ್ಮಕಿ ಮಾಡಬೇಕಿದ್ದ ಪಾತ್ರ ಯಾವುದ್ರೀ ಸರ?’ ಹೇಳಿದೆ. ‘ಹೌದ್ರೀ? ನಮ್ಮಕಿ ಇನ್ನೂ ಚಲೋ ಮಾಡ್ತಿದ್ಲು’ ಅಂದರು. ಹುಡುಗಿ ಅಲ್ಲೇ ಚಾಪೆ ಮಡಚುತ್ತಿದ್ದಳು. ಮುಂದಿನ ಸಿನಿಮಾಕ್ಕೆ ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ.