‘ವಯಸ್ಸಾಯಿತು’ ಎಂದು ಹೇಳಿಬಿಡುವ ಮುನ್ನ

ನಾನು ಮಾತನಾಡುವಾಗ ನಡುನಡುವೆ ನೆಲಕ್ಕೆ ಉಗುರು ತಾಗುವ ಟಿಕ್ ಟಿಕ್ ಸದ್ದು ಕೇಳಿಸಿದರೆ, ಅದು ನಮ್ಮ ನಾಯಿ ಪುಟ್ಟಿ. ಅವಳನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಿ ಧ್ವನಿಮುದ್ರಣ ಮಾಡಲು ನನಗೆ ಮನಸ್ಸು ಬರಲಿಲ್ಲ. ಮುಚ್ಚಿದ ಬಾಗಿಲೆಂದರೆ ಅವಳಿಗೆ ಎದೆಗುಂಡಿಗೆ ನಡುಗುತ್ತದೆ.

ಅವಳಿಗೆ 12 ವರ್ಷ, ನನಗೆ 68. ಮುಂಬೈನ ಮುಲುಂಡ್ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಾವಿಬ್ಬರೇ ಇದ್ದೇವೆ. ಒಂದು ಜುಲೈ ಮಳೆಯಲ್ಲಿ ನಮ್ಮವರು ಸ್ಟೇಷನ್ನಿನಿಂದ ಬರುವಾಗ, ಕೊಡೆಯನ್ನು ಅದರ ಮೇಲೆ ಹಿಡಿದು ತಾವು ನೆನೆದುಕೊಂಡು ಎತ್ತಿ ತಂದ ಮರಿ ಅದು. ಅವರು ಹೋಗಿ ಐದು ವರ್ಷವಾಯಿತು.

ಪುಟ್ಟಿ ಮೊದಲಿನಿಂದಲೂ ಅಂಜುಬುರುಕಿ. ಗುಡುಗು, ಗಣಪತಿ ಮೆರವಣಿಗೆಯ ಢೋಲ್-ತಾಶಾ, ದೀಪಾವಳಿಯ ಸುತಳಿ ಬಾಂಬ್, ಇವು ಮೂರೂ ಅವಳ ಹಳೆಯ ಶತ್ರುಗಳು. ಅವುಗಳ ಕಾಲ ನಮಗೆ ಗೊತ್ತಿತ್ತು, ತಯಾರಿಯೂ ಇರುತ್ತಿತ್ತು. ಆದರೆ ಎರಡು ವರ್ಷದ ಹಿಂದೆ ಅವಳು ಹೊಸ ಹೊಸ ಸದ್ದುಗಳಿಗೆ ಹೆದರತೊಡಗಿದಳು. ಹತ್ತು ವರ್ಷ ದಿನವೂ ಕೇಳಿದ ಕುಕ್ಕರಿನ ಸೀಟಿ ಇದ್ದಕ್ಕಿದ್ದಂತೆ ಭಯವಾಯಿತು. ಸೌಟು ಬಿದ್ದರೆ ಓಡಿ ಮಂಚದ ಕೆಳಗೆ ಸೇರುತ್ತಿದ್ದಳು. ಆಮೇಲೆ ಅಡುಗೆಮನೆಗೆ ಬರುವುದನ್ನೇ ಬಿಟ್ಟಳು. ನಾನು ಚಪಾತಿ ಲಟ್ಟಿಸುವಾಗ ಕಾಲಬುಡದಲ್ಲಿ ಕೂರುತ್ತಿದ್ದ ಜೀವ, ಹೊಸ್ತಿಲಿನಾಚೆ ನಿಂತು ನನ್ನ ಮುಖ ನೋಡುತ್ತಿತ್ತು.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ವಯಸ್ಸಾಯಿತಲ್ಲ. ಕೆಳಗಿನ ಮನೆಯ ಕುಂದಾಪುರದ ಅಕ್ಕ ಹೇಳಿದರು, ವಾಚ್‌ಮನ್ ಹೇಳಿದ, ಮೊದಲು ತೋರಿಸಿದ ಪಶುವೈದ್ಯರೂ ಮುಟ್ಟಿ ನೋಡದೆ ಅದನ್ನೇ ಹೇಳಿದರು. ನಾನೂ ಒಪ್ಪಿಕೊಂಡೆ. ನನಗೆ ಇಂದಿಗೂ ಸಂಕಟವಾಗುವುದು ಅದಕ್ಕೇ. ನನ್ನ ಮೊಣಕಾಲಿನ ನೋವಿಗೆ ಬೆಂಗಳೂರಿನಿಂದ ಮಗಳು ಫೋನಿನಲ್ಲಿ ಅದೇ ಮಾತು ಹೇಳಿದಾಗ ನನಗೆ ಕಣ್ಣು ತುಂಬಿತ್ತು. ಅದೇ ಮಾತನ್ನು ಬಾಯಿಲ್ಲದ ಪ್ರಾಣಿಯ ಮೇಲೆ ನಾನು ಹೊರಿಸಿ ಎಂಟು ತಿಂಗಳು ಕಳೆದೆ.

ಎರಡನೆಯ ವೈದ್ಯರು ಅವಳ ಸೊಂಟವನ್ನು ಮೆಲ್ಲಗೆ ಒತ್ತಿದರು. ಪುಟ್ಟಿ ಕೂಗಲಿಲ್ಲ, ಕಚ್ಚಲಿಲ್ಲ. ಹಿಂದೆ ತಿರುಗಿ ಅವರ ಕೈಯನ್ನು ನೆಕ್ಕಿದಳು. ‘ಇದು ಪ್ರೀತಿಯಿಂದ ನೆಕ್ಕುವುದಲ್ಲ ಅಮ್ಮ, ಸಾಕು ಎಂದು ಬೇಡಿಕೊಳ್ಳುವುದು’ ಎಂದರು. ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಕೀಲುಗಳು ಸವೆದಿದ್ದವು.

ಸೊಂಟಕ್ಕೂ ಸೀಟಿಗೂ ಏನು ಸಂಬಂಧ? ಬೆಚ್ಚಿಬಿದ್ದಾಗ ಮೈಯ ಸ್ನಾಯುಗಳೆಲ್ಲ ಒಮ್ಮೆಲೇ ಬಿಗಿಯುತ್ತವೆ. ಮೊದಲೇ ನೋಯುವ ಕೀಲಿನ ಮೇಲೆ ಆ ಬಿಗಿತ ಬಿದ್ದರೆ ಚುಳಕ್ ಎನ್ನುತ್ತದೆ. ನಾಯಿಗೆ ಕೀಲು ಸವೆದದ್ದು ತಿಳಿಯದು. ಸದ್ದು ಬಂತು, ನೋವಾಯಿತು ಎಂಬುದಷ್ಟೇ ತಿಳಿಯುತ್ತದೆ. ಸದ್ದು ಬಂದ ಜಾಗವೂ ಆ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಅಡುಗೆಮನೆಯ ಟೈಲ್ಸ್ ಬೇರೆ ಜಾರುತ್ತದೆ. ಸೀಟಿ ಕೇಳಿ ಚಂಗನೆ ಎದ್ದಾಗ ಅವಳ ಹಿಂಗಾಲು ಎಷ್ಟು ಸಲ ಜಾರಿತ್ತೋ, ನಾನು ಒಲೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದೆ.

ಇದು ನನ್ನ ಊಹೆಯಷ್ಟೇ ಅಲ್ಲ. 2018ರಲ್ಲಿ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರೂ ಬ್ರೆಜಿಲ್‌ನ ಸಂಶೋಧಕರೂ ಸೇರಿ ಸದ್ದಿಗೆ ಹೆದರುವ 20 ನಾಯಿಗಳನ್ನು ಹೋಲಿಸಿ ನೋಡಿದ್ದಾರೆ. ಹತ್ತು ನಾಯಿಗಳಿಗೆ ಮೈಯಲ್ಲಿ ನೋವಿತ್ತು, ಹತ್ತಕ್ಕೆ ಇರಲಿಲ್ಲ. ನೋವಿದ್ದವುಗಳಲ್ಲಿ ಭಯ ಆರಂಭವಾದದ್ದು ಸರಾಸರಿ ಸುಮಾರು ನಾಲ್ಕು ವರ್ಷ ತಡವಾಗಿ. ಅಧ್ಯಯನ ಚಿಕ್ಕದು, ಒಪ್ಪುತ್ತೇನೆ. ಆದರೂ ಮುದಿ ನಾಯಿ ಹೊಸದಾಗಿ ಹೆದರತೊಡಗಿದರೆ ಮೊದಲು ಅದರ ಮೈಯನ್ನು ಪರೀಕ್ಷಿಸಿ ಎನ್ನಲು ನನಗೆ ಅಷ್ಟು ಸಾಕು. ರಾತ್ರಿ ಎದ್ದು ಗೋಡೆ ನೋಡುತ್ತ ನಿಲ್ಲುವುದು, ಮನೆಯೊಳಗೇ ದಾರಿ ತಪ್ಪುವುದು ಕಂಡರೆ ಅದು ಮರೆವಿನ ಕಾಯಿಲೆಯಾಗಿರಬಹುದು. ಅದನ್ನೂ ವೈದ್ಯರಿಗೆ ಹೇಳಿ. ಒಂದು ಎಚ್ಚರಿಕೆ: ನಾವು ನುಂಗುವ ನೋವಿನ ಮಾತ್ರೆಯನ್ನು ಮುರಿದು ಕೊಡಬೇಡಿ. ಐಬುಪ್ರೊಫೆನ್‌ನಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ವೈದ್ಯರು ಮಾತ್ರೆ ಬರೆದರು, ತೂಕ ಇಳಿಸಲು ಹೇಳಿದರು. ನಾನು ಅಡುಗೆಮನೆಯಿಂದ ಬಾಗಿಲಿನವರೆಗೆ ಹಳೆಯ ಜಮಖಾನೆ ಹಾಸಿ, ಜಾರದಂತೆ ಅಡಿಯಲ್ಲಿ ರಬ್ಬರ್ ಮ್ಯಾಟ್ ಇಟ್ಟೆ. ಆರನೆಯ ವಾರದಲ್ಲಿ ಒಂದು ದಿನ ತಿರುಗಿ ನೋಡಿದರೆ ಪುಟ್ಟಿ ಹೊಸ್ತಿಲಿನ ಈಚೆ ಕೂತಿದ್ದಳು. ನಾನು ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಪಟಾಕಿಯ ಭಯ ಹೋಗಿಲ್ಲ, ಹೋಗುವುದೂ ಇಲ್ಲ. ಹೆದರಿದಾಗ ತಬ್ಬಿಕೊಳ್ಳಬೇಡಿ, ಮುದ್ದಿಸಿದರೆ ಭಯ ಹೆಚ್ಚುತ್ತದೆ ಎಂದು ಬಹಳ ಜನ ನನಗೆ ಬುದ್ಧಿ ಹೇಳಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಗುಡುಗಿಗೆ ಬೆದರಿದ ಮಗುವನ್ನು ಎತ್ತಿಕೊಂಡರೆ ಅದು ಇನ್ನಷ್ಟು ಬೆದರಲು ಕಲಿಯುತ್ತದೆಯೇ? ಅವಳಾಗಿ ಹತ್ತಿರ ಬಂದರೆ ನಾನು ತಬ್ಬಿಕೊಳ್ಳುತ್ತೇನೆ. ಬಾರದಿದ್ದರೆ ಎಳೆದು ತರುವುದಿಲ್ಲ. ಅವಳು ಆರಿಸಿಕೊಂಡ ಜಾಗ ಬಚ್ಚಲುಮನೆ, ಅಲ್ಲಿ ಸದ್ದು ಕಡಿಮೆ. ಹಾಗಾಗಿ ದೀಪಾವಳಿಯ ಸಂಜೆ ಬಚ್ಚಲು ಒರೆಸಿ ಒಣಗಿಸಿ ಕಂಬಳಿ ಹಾಸುತ್ತೇನೆ. ಬಾಗಿಲು ತೆರೆದಿಟ್ಟು, ಹೊರಗೆ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಪಟಾಕಿ ಹಚ್ಚಬಾರದೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಸೊಸೈಟಿಯ ಸಭೆಯಲ್ಲಿ ಅದನ್ನು ಓದಿ ಹೇಳಿದೆ, ಯಾರೂ ತಲೆ ಎತ್ತಲಿಲ್ಲ. ಆಮೇಲೆ ಕಟ್ಟಡದ ಮಕ್ಕಳನ್ನು ಕರೆದು, ಚಕ್ಕುಲಿ ಕೊಟ್ಟು, ಪುಟ್ಟಿ ನಡುಗುವ ವಿಡಿಯೋ ತೋರಿಸಿದೆ. ಈಗ ಅವರು ಕೆಳಗಿನಿಂದ ‘ಆಜೀ!’ (ಮರಾಠಿಯಲ್ಲಿ ಅಜ್ಜಿ) ಎಂದು ಕೂಗಿ, ನಾನು ಕಿಟಕಿ ಮುಚ್ಚುವವರೆಗೆ ಕಾಯುತ್ತಾರೆ. ಆ ಮಕ್ಕಳ ಮೇಲೆ ನನಗೆ ಎಷ್ಟು ಪ್ರೀತಿ ಎಂದು ಹೇಳಲಾರೆ.

ಮೊಣಕಾಲನ್ನು ನಾನೂ ತೋರಿಸಿಕೊಂಡೆ. ದಿನವೂ ಇಪ್ಪತ್ತು ನಿಮಿಷ ವ್ಯಾಯಾಮ ಇದೆ, ಅದೂ ಅದೇ ಜಮಖಾನೆಯ ಮೇಲೆ. ಕೆಳಗಿಳಿಯಲು 36 ಮೆಟ್ಟಿಲು. ತಿರುವಿನಲ್ಲಿ ಪುಟ್ಟಿ ನಿಲ್ಲುತ್ತಾಳೆ, ನಾನೂ ನಿಲ್ಲುತ್ತೇನೆ. ಯಾರಾದರೂ ಅವಸರದಲ್ಲಿದ್ದರೆ ಗೋಡೆಗೆ ಸರಿದು ದಾರಿ ಬಿಡುತ್ತೇವೆ.