ಕೆಂಪು ಗಿಂಡಿ ಹೊತ್ತಿಕೊಂಡಾಗ
(ಚಿಕ್ಕಬಳ್ಳಾಪುರದಲ್ಲಿ ಚಾಲಕರು ಮತ್ತು ಐಟಿಐ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ರಾತ್ರಿ ಎರಡು ಗಂಟೆಗೆ ಎದ್ದು, ಬೆಂಗಳೂರಿನ ಮಾರ್ಕೆಟ್ಟಿಗೆ ಸೇವಂತಿಗೆ ಇಳಿಸಿ, ನಿದ್ದೆ ಬಿಟ್ಟು ಇಲ್ಲಿಗೆ ಬಂದವರೂ ಇದ್ದೀರ. ಅದಕ್ಕೆ ಮುಖ್ಯವಾದ ಮಾತನ್ನ ಮೊದಲೇ ಹೇಳಿಬಿಡ್ತೀನಿ. ಮೀಟರ್ ಬೋರ್ಡಿನಲ್ಲಿ ಎಣ್ಣೆಗಿಂಡಿ ಥರದ ಒಂದು ಕೆಂಪು ದೀಪ ಇದೆ, ಅದರ ಮೂತಿಯಿಂದ ಒಂದು ಹನಿ ಬೀಳ್ತಿರುತ್ತೆ. ಇಂಜಿನ್ ಓಡ್ತಿರುವಾಗ ಅದು ಹೊತ್ತಿಕೊಂಡರೆ ಗಾಡಿಯನ್ನ ಜೋಪಾನವಾಗಿ ಪಕ್ಕಕ್ಕೆ ತಗೊಳ್ಳಿ, ನಿಂತ ತಕ್ಷಣ ಇಂಜಿನ್ ಆಫ್ ಮಾಡಿ. ಮುಂದಿನ ಬಂಕ್‌ವರೆಗೆ ಹೋಗೋಣ ಅನ್ನಬೇಡಿ.

ನಮ್ಮ ಗಾಡಿ ರಿಪೇರಿ ಶೆಡ್ಡಿಗೆ ಒಬ್ಬ ಹುಡುಗ ಬರ್ತಿದ್ದ, ಸಾಲ ಮಾಡಿ ಟ್ಯಾಕ್ಸಿ ತಗೊಂಡಿದ್ದ. ಒಂದು ದಿನ ಗಿರಾಕಿಯನ್ನ ಏರ್‌ಪೋರ್ಟಿಗೆ ಕರ್ಕೊಂಡು ಹೋಗುವಾಗ, ಹೈವೇಯಲ್ಲಿ, ದೇವನಹಳ್ಳಿ ಇನ್ನೂ ಬಂದಿರಲಿಲ್ಲ, ದೀಪ ಬಂತು. ಹಿಂದಿನ ದಿನ ತಾನೇ ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡಿದ್ದ, ಆಯಿಲ್ ಮೇಲಿನ ಗುರುತಿಗೇ ಇತ್ತು. ಹಿಂದೆ ಕೂತವರಿಗೆ ವಿಮಾನದ ಹೊತ್ತು ಆಗ್ತಿತ್ತು. ಏನೋ ವೈರಿಂಗ್ ಇರಬೇಕು ಅಂದ್ಕೊಂಡು ಓಡಿಸಿದ. ವಾಪಸ್ ಬರುವಾಗ ಇಂಜಿನ್ ಕಟಕಟ ಅಂತು, ನಿಂತುಹೋಯಿತು. ಬಿಚ್ಚಿ ನೋಡಿದರೆ, ಇಂಜಿನ್ನಿನೊಳಗೆ ತಿರುಗೋ ದಂಡ ಇದೆಯಲ್ಲ, ಕ್ರ್ಯಾಂಕ್, ಅದನ್ನ ಹೊತ್ತಿರೋ ಬೇರಿಂಗ್ ಕರಗಿ ಅದಕ್ಕೇ ಅಂಟಿಕೊಂಡಿತ್ತು, ಕ್ರ್ಯಾಂಕ್ ಬಿಸಿಗೆ ನೀಲಿ ಬಂದಿತ್ತು. ಶೆಡ್ಡಿನ ಮುಂದೆ ಹಳೇ ಟೈರಿನ ಮೇಲೆ ಕೂತು ಅವನು ಕೇಳಿದ್ದು ಒಂದೇ ಮಾತು: "ಅಣ್ಣ, ಆಯಿಲ್ ಫುಲ್ ಇತ್ತಲ್ಲ?"

ನಿಜ, ಫುಲ್ ಇತ್ತು. ಇಲ್ಲದೇ ಹೋಗಿದ್ದು ಪ್ರೆಷರ್. ಕಡ್ಡಿ ತೋರಿಸೋದು ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿ, ಅಂದರೆ ಚೇಂಬರಿನಲ್ಲಿ ಎಷ್ಟು ಎಣ್ಣೆ ಇದೆ ಅನ್ನೋದು. ದೀಪ ಹೇಳೋದು ಆ ಎಣ್ಣೆ ಮೇಲೆ ಹೋಗಿ ಸೇರ್ತಿದೆಯಾ ಅನ್ನೋದು.

ದ್ರಾಕ್ಷಿ ತೋಟ ಇರೋರಿಗೆ ಇದು ಬೇಗ ಗೊತ್ತಾಗುತ್ತೆ. ತೊಟ್ಟಿ ತುಂಬ ನೀರಿದೆ, ಮೋಟರ್ ಓಡ್ತಿದೆ, ಸಾಲಿನ ಕೊನೇ ಗಿಡಕ್ಕೆ ಡ್ರಿಪ್‌ನಲ್ಲಿ ಹನಿ ಇಲ್ಲ. ಯಾಕಿರಬಹುದು? ನೀರೆಳೆಯೋ ಬಾಯಿಗೆ ಕಸ ಕಟ್ಟಿರಬಹುದು, ಪಂಪ್ ಸವೆದಿರಬಹುದು, ಪೈಪ್ ಅಲ್ಲಲ್ಲಿ ಒಡೆದು ಸೋರ್ತಿರಬಹುದು. ಇಂಜಿನ್ನಿನಲ್ಲೂ ಹಾಗೇನೇ. ಚೇಂಬರಿನ ತಳದಲ್ಲಿ ಜಾಲರಿ ಇರೋ ಸ್ಟ್ರೈನರ್, ಅದರ ಮೇಲೆ ಪಂಪ್, ಆಮೇಲೆ ಫಿಲ್ಟರ್, ಅಲ್ಲಿಂದ ಬ್ಲಾಕ್, ಅಂದರೆ ಇಂಜಿನ್ನಿನ ಮೈಯೊಳಗಿನ ದಾರಿಗಳಲ್ಲಿ ಬೇರಿಂಗುಗಳಿಗೆ. ಕ್ರ್ಯಾಂಕ್ ಬೇರಿಂಗಿನ ಮೇಲೆ ಕೂತು ತಿರುಗಲ್ಲ, ಎಣ್ಣೆಯ ಪದರದ ಮೇಲೆ ತೇಲ್ತಾ ತಿರುಗುತ್ತೆ. ಆ ಸಂದು ಸುಮಾರು 0.03ರಿಂದ 0.06 ಮಿಲಿಮೀಟರ್. ಎಣ್ಣೆ ಬರೋದು ನಿಂತರೆ ಲೋಹಕ್ಕೆ ಲೋಹ ತಾಗುತ್ತೆ, ಅಷ್ಟು ಸ್ಪೀಡಿನಲ್ಲಿ ತಾಗಿದರೆ ಉಳಿಯಲ್ಲ.

ಈಗ ದೀಪ. ಬ್ಲಾಕಿಗೆ ಹಾಕಿರೋ ಸಣ್ಣ ಸ್ವಿಚ್ ಅದನ್ನ ಹೊತ್ತಿಸೋದು. ಸಾಮಾನ್ಯ ಗಾಡಿಗಳಲ್ಲಿ ಅದು 0.3ರಿಂದ 0.5 ಬಾರ್ ಆಸುಪಾಸಿನಲ್ಲಿ ಕೆಲಸ ಮಾಡುತ್ತೆ, ಅಂದರೆ ಐದಾರು ಪಿಎಸ್‌ಐ. ಟೈರಿಗೆ ನೀವು 30ರ ಮೇಲೆ ಗಾಳಿ ಹಿಡಿಸ್ತೀರ, ಅದಕ್ಕೆ ಹೋಲಿಸಿ ನೋಡಿ. ಪ್ರೆಷರ್ ಕಮ್ಮಿ ಆಗ್ತಾ ಬರುವಾಗ ಈ ದೀಪ ಸುಮ್ಮನಿರುತ್ತೆ, ಹೆಚ್ಚುಕಮ್ಮಿ ಖಾಲಿ ಆದಮೇಲೆ ಹೊತ್ತಿಕೊಳ್ಳುತ್ತೆ. ಅದಕ್ಕೇ ನಾನು ಆಫ್ ಮಾಡಿ ಅಂತ ಇಷ್ಟು ಒತ್ತಿ ಹೇಳೋದು.

ದಿನಾ ಬೆಳಿಗ್ಗೆ ಒಂದು ಕೆಲಸ ಮಾಡಿ. ಕೀ ಆನ್ ಮಾಡಿದಾಗ ದೀಪ ಬರಲೇಬೇಕು, ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಹೋಗಬೇಕು. ಕೀ ಆನ್ ಮಾಡಿದಾಗಲೇ ಬರಲಿಲ್ಲ ಅಂದರೆ ಬಲ್ಬೋ ವೈರೋ ಹೋಗಿದೆ, ನಾಳೆ ಪ್ರೆಷರ್ ಹೋದರೂ ನಿಮಗೆ ಹೇಳೋರು ಯಾರೂ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವಾಗ ನಾನು ಮೊದಲು ನೋಡೋದೇ ಇದನ್ನ. ಬೇರಿಂಗ್ ಸವೆದ ಗಾಡಿಯ ಸ್ವಿಚ್ಚಿನಿಂದ ವೈರ್ ಕಿತ್ತು ಮಾರಿದ್ದನ್ನ ನನ್ನ ಕಣ್ಣಾರೆ ಕಂಡಿದ್ದೀನಿ. ಮನೆ ಮಂದಿಯನ್ನ ಕೂರಿಸ್ಕೊಂಡು ರಾತ್ರಿ ಓಡಾಡೋ ಗಾಡಿಗೆ ಹಾಗೆ ಮಾಡೋದು ದೊಡ್ಡ ಮೋಸ.

ಶೆಡ್ಡಿಗೆ ಬಂದವರನ್ನ ನಾನು ಮೊದಲು ಕೇಳೋದು, ದೀಪ ಯಾವಾಗ ಬಂತು ಅಂತ. ಅರ್ಧ ಉತ್ತರ ಅಲ್ಲೇ ಸಿಗುತ್ತೆ. ನಂದಿ ಬೆಟ್ಟ ಹತ್ತುವಾಗ ತಿರುವಿನಲ್ಲಿ ಮಿಣುಕಿ ಹೋಯ್ತು ಅಂದರೆ ಎಣ್ಣೆ ಕಮ್ಮಿ ಇದೆ, ಗಾಡಿ ವಾಲಿದಾಗ ಒಂದು ಕಡೆಗೆ ಸರಿದು ಸ್ಟ್ರೈನರ್ ಗಾಳಿ ಎಳೀತಿದೆ. ಇಂಜಿನ್ ಚೆನ್ನಾಗಿ ಬಿಸಿ ಆದಮೇಲೆ ಐಡ್ಲಿಂಗಿನಲ್ಲಿ, ಅಂದರೆ ರೇಸ್ ಕೊಡದೆ ಇಂಜಿನ್ ಸುಮ್ಮನೆ ಓಡ್ತಿರುವಾಗ, ಮಿಣುಕುತ್ತೆ, ರೇಸ್ ಕೊಟ್ಟರೆ ಹೋಗುತ್ತೆ ಅಂದರೆ ಬೇರಿಂಗ್ ಸಂದು ಅಗಲ ಆಗಿರಬಹುದು, ಪಂಪ್ ಸವೆದಿರಬಹುದು, ಇಲ್ಲವೇ ಎಣ್ಣೆ ತೆಳ್ಳಗಾಗಿದೆ. ಒಡೆದ ಡ್ರಿಪ್ ಪೈಪಿನ ಕತೆ ಇದು. ಇದಕ್ಕೆ ತದ್ವಿರುದ್ಧ, ಐಡ್ಲಿಂಗಿನಲ್ಲಿ ಸರಿ ಇದ್ದು ಸ್ಪೀಡಿನಲ್ಲಿ ಬಂದರೆ ಸ್ಟ್ರೈನರ್ ಮೇಲೆ ಅನುಮಾನ ಪಡಿ. ಪಂಪ್ ಜಾಸ್ತಿ ಕೇಳ್ತಿದೆ, ಬಾಯಿ ಕಟ್ಟಿದೆ.

ಆ ಹುಡುಗನ ಗಾಡಿಯಲ್ಲಿ ಆಗಿದ್ದು ಅದೇ. ಯಾವುದೋ ಊರಿನ ಹಂಪ್ ಚೇಂಬರಿಗೆ ಬಡಿದಿತ್ತು. ತಗಡು ಒಳಗೆ ತಗ್ಗಿ ಸ್ಟ್ರೈನರಿಗೆ ಹತ್ತಿ ಕೂತಿತ್ತು. ಒಂದು ಹನಿ ಸೋರಿರಲಿಲ್ಲ, ಹಾಗಾಗಿ ಅವನಿಗೂ ತಿಳಿಯಲಿಲ್ಲ. ನಮ್ಮ ಹಳ್ಳಿ ರಸ್ತೆಯ ಹಂಪುಗಳ ಎತ್ತರ ನಿಮಗೆ ಗೊತ್ತೇ ಇದೆ. ಕೆಳಗೆ ಬಡಿದ ಸದ್ದು ಕೇಳಿದರೆ ಅವತ್ತೇ ಬಗ್ಗಿ ಚೇಂಬರ್ ನೋಡಿ.

ಸರ್ವೀಸ್ ಆದ ತಕ್ಷಣ ದೀಪ ಬಂದರೆ ಫಿಲ್ಟರ್ ನೋಡಿ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಹಾಕಿದರೆ ಎಣ್ಣೆಯೆಲ್ಲ ರಸ್ತೆಗೆ ಚೆಲ್ಲಿಹೋಗುತ್ತೆ. ಐಟಿಐ ಹುಡುಗರು ಇದನ್ನ ಮರೀಬೇಡಿ, ಕೈಯಿಂದ ಸವರಿ ನೋಡದೆ ಹೊಸ ಫಿಲ್ಟರ್ ಹಾಕಬೇಡಿ.

ಕಡ್ಡಿ ಎಳೆದಾಗ ಮಟ್ಟದ ಜೊತೆಗೆ ವಾಸನೆಯನ್ನೂ ನೋಡಿ. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನೋ ಹೊಗೆ ನಿಯಮ ಬಂತು, ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ. ಆ ಮಸಿ ಸುಡೋಕೆ ಇಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಬಿಡುತ್ತೆ. ದಿನಾ ಊರೊಳಗೇ ಎರಡು ಮೂರು ಕಿಲೋಮೀಟರ್ ಓಡಿಸೋರ ಗಾಡಿಯಲ್ಲಿ ಅದರಲ್ಲಿ ಒಂದಷ್ಟು ಆಯಿಲಿಗೆ ಇಳಿಯುತ್ತೆ. ಹಾಕದೇ ಇದ್ದರೂ ಮಟ್ಟ ಏರ್ತಿದೆ, ಡೀಸೆಲ್ ವಾಸನೆ ಇದೆ ಅಂದರೆ ಆಯಿಲ್ ಬದಲಾಯಿಸಿ. ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ನೀರು ಸೇರಿದೆ, ಗಾಡಿ ಸ್ಟಾರ್ಟೇ ಮಾಡಬೇಡಿ.

ಇನ್ನು, "ಸ್ವಿಚ್ ಹೋಗಿರುತ್ತೆ ಬಿಡಣ್ಣ" ಅನ್ನೋ ಮಾತು. ಸ್ವಿಚ್ ಕೆಟ್ಟು ಸುಮ್ಮನೆ ದೀಪ ಬರೋದು ಉಂಟು, ಬಹಳ ಸಲ ಅದೇ ಆಗಿರುತ್ತೆ. ವೈರನ್ನ ಇಲಿ ಕಡಿದು ಅದು ಗಾಡಿಯ ಲೋಹಕ್ಕೆ ತಾಗಿದ್ದೂ ಉಂಟು. ಹಳೇ ಒಂಟಿ ವೈರಿನ ಸ್ವಿಚ್ಚಾದರೆ ಕೀ ಆನ್ ಇಟ್ಟು ಕನೆಕ್ಟರ್ ಕಿತ್ತು ನೋಡಿ, ಆಗಲೂ ದೀಪ ಆರದಿದ್ದರೆ ವೈರ್ ತಪ್ಪು. ಆದರೆ ಸ್ವಿಚ್ ತಪ್ಪು ಅಂತ ತೀರ್ಮಾನ ಮಾಡೋದು ಅಳತೆಯಿಂದ ಆಗಬೇಕು. ಸ್ವಿಚ್ ಕೆಲವು ನೂರು ರೂಪಾಯಿ, ಇಂಜಿನ್ ಕೆಲಸ ಹತ್ತಾರು ಸಾವಿರ. ಅಗ್ಗದ ಉತ್ತರವೇ ನಿಜ ಆಗಲಿ ಅಂತ ಮನಸ್ಸು ಬಯಸುತ್ತೆ, ಗಾಡಿಯವನದೂ, ಮೆಕ್ಯಾನಿಕ್‌ದೂ. ಹಾಗೆ ಬಯಸಿ ಹೊಸ ಸ್ವಿಚ್ ಹಾಕಿ, ಟ್ರಯಲ್ ನೋಡಲು ಹೋಗಿ ಇಂಜಿನ್ ಕಳ್ಕೊಂಡವರಿದ್ದಾರೆ.

ದಪ್ಪ ಎಣ್ಣೆ ಹಾಕೋದೂ ಅಂಥದ್ದೇ. ತೆಳ್ಳಗಿನ 5ಡಬ್ಲ್ಯೂ-30 ಕೇಳೋ ಇಂಜಿನ್ನಿಗೆ ದಪ್ಪನೆಯ 20ಡಬ್ಲ್ಯೂ-50 ಹಾಕಿದರೆ ದೀಪ ಆರಬಹುದು. ಸವೆದ ಬೇರಿಂಗ್ ಸವೆದೇ ಇರುತ್ತೆ, ಡಿಸೆಂಬರ್ ಚಳಿಯಲ್ಲಿ ಬೆಳಗಿನ ಜಾವ ಸ್ಟಾರ್ಟ್ ಮಾಡಿದಾಗ ಆ ಗಟ್ಟಿ ಎಣ್ಣೆ ಮೇಲೇರೋಕೆ ತಡ ಮಾಡುತ್ತೆ. ಒಳಗೆ ಜಿಡ್ಡು ಕಟ್ಟಿರೋ ಹಳೇ ಇಂಜಿನ್ನಿಗೆ ಜಿಡ್ಡು ಕರಗಿಸೋ ಫ್ಲಶ್ ದ್ರವ ಹಾಕೋದನ್ನೂ ನಾನು ಒಪ್ಪಲ್ಲ. ಎದ್ದ ಜಿಡ್ಡು ಹೋಗಿ ಸ್ಟ್ರೈನರಿಗೇ ಕೂರಬಹುದು. ಚೇಂಬರ್ ಇಳಿಸಿ ತೊಳೀರಿ.

ಅಳತೆ ಅಂದೆನಲ್ಲ, ಅದು ಕಷ್ಟದ ಕೆಲಸ ಅಲ್ಲ. ಸ್ವಿಚ್ ಬಿಚ್ಚಿದ ತೂತಿಗೇ ಪ್ರೆಷರ್ ಗೇಜ್ ತಿರುಗಿಸಿ ಹಾಕೋದು. ತಣ್ಣಗಿರುವಾಗ ಒಂದು ಸಲ, ಇಂಜಿನ್ ಪೂರಾ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಒಂದು ಸಲ, ನಿಮಿಷಕ್ಕೆ 3000 ಸುತ್ತಿನಲ್ಲಿ, ಅಂದರೆ 3000 ಆರ್‌ಪಿಎಂನಲ್ಲಿ, ಒಂದು ಸಲ ಓದಿ ಬರೆದುಕೊಳ್ಳೋದು. ಬಿಸಿ ಇಂಜಿನ್ನಿನಲ್ಲಿ ಐಡ್ಲಿಂಗಿಗೆ 1 ಬಾರ್ ಸುತ್ತಮುತ್ತ, 3000ಕ್ಕೆ 3 ಬಾರ್ ಸುತ್ತಮುತ್ತ ಇದ್ದರೆ ಬಹಳಷ್ಟು ಕಾರುಗಳಿಗೆ ಸರಿ, ಆಯಾ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಕೊನೇ ಮಾತು. ಗೇಜಿನ ಮುಳ್ಳು ಏಳದಿದ್ದರೆ ಕೂಡಲೇ ಆಫ್. ಚೆನ್ನಾಗಿ ಎದ್ದು ನಿಂತರೆ, ಆಗ ಧೈರ್ಯವಾಗಿ ಸ್ವಿಚ್ ಬದಲಾಯಿಸಿ.

ಹೊರಗೆ ಬೇವಿನ ಮರದ ಕೆಳಗೆ ಒಂದು ಕಾರು ನಿಲ್ಲಿಸಿದ್ದೀನಿ, ಗೇಜ್ ತಂದಿದ್ದೀನಿ. ಇಂಜಿನ್ ಇನ್ನೂ ತಣ್ಣಗಿದೆ. ಬನ್ನಿ, ಮೊದಲನೇ ಅಳತೆ ನಿಮ್ಮಲ್ಲೇ ಯಾರಾದರೂ ಓದಿ.